ನನ್ನ ಹಣೆಯ ಮೊಡವೆ, ನಮ್ಮ ಮನೆಯ ತೆಂಗಿನೆಣ್ಣೆ

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ರ, ಮನೆ ಸುತ್ತ ಅಡಿಕೆ ತೋಟ, ನಡುನಡುವೆ ತೆಂಗು. ಎಣ್ಣೆ ಅಂಗಡಿಯಿಂದ ತಂದದ್ದೇ ಇಲ್ಲ, ಕೊಪ್ಪರ ಒಣಗಿಸಿ ಮಿಲ್ಲಿಗೆ ಕೊಟ್ರೆ ಆಯ್ತು. ಅಡಿಗೆಗೂ ಅದೇ, ತಲೆಗೂ ಅದೇ, ಮುಖಕ್ಕೂ ಅದೇ. ನಂಗೆ 19 ಆಗುವಾಗ ಹಣೆ ತುಂಬ ಸಣ್ಣ ಸಣ್ಣ ಗುಳ್ಳೆ ಎದ್ದಿತು, ಅಜ್ಜಿ ನೋಡಿ "ಇದು ಉಷ್ಣ ಮಗಳೇ, ತಲೆಗೆ ಇನ್ನೂ ಸ್ವಲ್ಪ ಎಣ್ಣೆ ಹಾಕು" ಅಂದ್ರು. ನಾನು ಹಾಕಿದೆ. ಗುಳ್ಳೆ ಇನ್ನೂ ಜಾಸ್ತಿ ಆಯ್ತು.

ಮತ್ತೆ ನಿಂಬೆಹಣ್ಣು, ಅರಶಿನ, ಟೂತ್‌ಪೇಸ್ಟ್ ಎಲ್ಲ ಆಯ್ತು, ದಿನಕ್ಕೆ ಐದಾರು ಸಲ ಸೋಪು ಹಾಕಿ ಉಜ್ಜಿ ಉಜ್ಜಿ ತೊಳೀತಿದ್ದೆ. ಕಡೆಗೆ ಒಂದು ಮೆಡಿಕಲ್ ಶಾಪಿಗೆ ಹೋಗಿ ಮುಖಕ್ಕುರು, ಅಂದ್ರೆ ಮೊಡವೆ ಅಂತ ಮಲಯಾಳದಲ್ಲೇ ಹೇಳಿದೆ, ಚೀಟಿ ಕೇಳದೆ ಒಂದು ಟ್ಯೂಬು ಕೊಟ್ರು. ನಾಲ್ಕೇ ದಿನಕ್ಕೆ ಮುಖ ನುಣುಪಾಗಿ ಬೆಳ್ಳಗಾಯ್ತು, ನಂಗೆ ಎಷ್ಟು ಖುಷಿ. ಎರಡು ತಿಂಗಳಾದ ಮೇಲೆ ಬಿಸಿಲಿಗೆ ಹೋದ್ರೆ ಸಾಕು ಕೆನ್ನೆ ಕೆಂಪಾಗಿ ಉರಿ, ಒಂದೇ ನಮೂನೆಯ ಗುಳ್ಳೆ ಸಾಲು ಸಾಲು, ಕೆನ್ನೆಲಿ ರೋಮ ಬೇರೆ. ಕ್ರೀಮ್ ಒಂದು ದಿನ ಬಿಟ್ರೆ ಇನ್ನೂ ಜೋರು ಆಗ್ತದೆ, ಹಾಗಾಗಿ ಬಿಡ್ಲಿಕ್ಕೂ ಹೆದರಿಕೆ.

ಅಮ್ಮ ಮಂಗಳೂರಿಗೆ ಚರ್ಮದ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರು. ಅವರು ಮುಖ ನೋಡುವ ಮೊದ್ಲು ಟ್ಯೂಬ್ ತಿರುಗಿಸಿ ಓದಿದ್ರು, ಅದ್ರಲ್ಲಿ ಸ್ಟೀರಾಯ್ಡ್ ಇತ್ತು, ಅಂದ್ರೆ ಊತ, ಕೆಂಪು ಬೇಗ ಇಳಿಸುವ ಜೋರು ಮದ್ದು, ನನ್ನ ಕೆನ್ನೆಯ ಉರಿ, ರೋಮ ಎಲ್ಲ ಅದ್ರಿಂದಲೇ. ಇಂಥ ಕ್ರೀಮುಗಳನ್ನ 2018ರಲ್ಲೇ ಷೆಡ್ಯೂಲ್ ಎಚ್‌ಗೆ ಸೇರಿಸಿದ್ದಾರೆ, ಅಂದ್ರೆ ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗೆಯೇ ಇಲ್ಲ.

ಆ ದಿನ ಅವರು ಕೂತು ವಿವರಿಸಿದ್ದು ನಂಗೆ ಈಗ್ಲೂ ನೆನಪುಂಟು. ಪ್ರತಿ ರೋಮದ ಬುಡದಲ್ಲಿ ಒಂದು ಎಣ್ಣೆ ಗ್ರಂಥಿ ಉಂಟು, ಹರೆಯದಲ್ಲಿ ಆಂಡ್ರೊಜನ್ ಹಾರ್ಮೋನು ಏರುವಾಗ ಅದು ಜಾಸ್ತಿ ಎಣ್ಣೆ ಬಿಡ್ತದೆ, ಸತ್ತ ಚರ್ಮದ ಕಣ ಉದುರದೆ ಅದಕ್ಕೆ ಅಂಟಿ ರಂಧ್ರ ಮುಚ್ತದೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಊದಿಕೊಳ್ತದೆ. ಬ್ಲಾಕ್‌ಹೆಡ್ ಕಪ್ಪಿರುವುದು ಕೊಳೆಯಿಂದ ಅಲ್ಲ, ಮುಚ್ಚಿಕೊಂಡ ಆ ಬಿರಡೆ ಗಾಳಿ ತಾಗಿ ಕಪ್ಪಾಗುವುದು, ಹಾಗಾಗಿ ಉಜ್ಜಿದ್ರೆ ಹೋಗುವುದಿಲ್ಲ, ಉರಿ ಜಾಸ್ತಿ ಆಗ್ತದೆ ಅಷ್ಟೇ. ಮತ್ತೆ ನನ್ನ ಕೂದಲು ಮುಟ್ಟಿ ನೋಡಿ ಕೇಳಿದ್ರು, ದಿನಾ ಎಣ್ಣೆ ಹಾಕ್ತೀಯಾ ಅಂತ. ತೆಂಗಿನೆಣ್ಣೆ ರಂಧ್ರ ಮುಚ್ಚುವ ಜಾತಿದು, ನಮ್ಮ ಕಡೆಯ ಸೆಕೆಗೆ ಬೆವರಿನೊಟ್ಟಿಗೆ ಹಣೆಗೆ ಇಳೀತದೆ. ನನ್ನ ಗುಳ್ಳೆ ಎಲ್ಲ ಕೂದಲಿನ ಅಂಚಿನಲ್ಲೇ ಯಾಕೆ ಜಾಸ್ತಿ ಅಂತ ಆಗ ಗೊತ್ತಾಯ್ತು.

ಮುಟ್ಟು ಸರಿ ಆಗ್ತದಾ, ಗಲ್ಲದಲ್ಲಿ ದಪ್ಪ ರೋಮ ಬರ್ತದಾ ಅಂತಲೂ ಕೇಳಿದ್ರು, ಮುಟ್ಟು ಏರುಪೇರಾಗಿ ರೋಮ ಬರುವುದಿದ್ರೆ ಪಿಸಿಒಎಸ್, ಅಂದ್ರೆ ಅಂಡಾಶಯದ, ಹಾರ್ಮೋನಿನ ತೊಂದರೆ ಉಂಟಾ ಅಂತ ನೋಡ್ಬೇಕಂತೆ. ನಂಗೆ ಅದು ಇರ್ಲಿಲ್ಲ.

ಸ್ಟೀರಾಯ್ಡ್ ಒಮ್ಮೆಗೇ ನಿಲ್ಲಿಸ್ಲಿಲ್ಲ, ಅವರು ಹೇಳಿದ ಲೆಕ್ಕದಲ್ಲಿ ವಾರ ವಾರ ಕಮ್ಮಿ ಮಾಡಿದ್ದು. ಆ ದಿನಗಳು ತುಂಬ ಕಷ್ಟ, ಮದುವೆ ಮನೆಗೆಲ್ಲ ಹೋಗ್ಲೇ ಇಲ್ಲ. ಮುಖ ತಣ್ಣಗಾದ ಮೇಲೆ ರಾತ್ರಿಗೆ ರಂಧ್ರ ಮುಚ್ಚದ ಹಾಗೆ ಮಾಡುವ ಅಡಾಪಲೀನ್ 0.1% ಜೆಲ್, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಮಾತ್ರ, ಗುಳ್ಳೆ ಮೇಲೆ ಮಾತ್ರ ಚುಕ್ಕಿ ಇಡುವುದಲ್ಲ, ಮೊದ್ಲು ಒಂದು ದಿನ ಬಿಟ್ಟು ಒಂದು ದಿನ. ಬೆಳಿಗ್ಗೆ ಬ್ಯಾಕ್ಟೀರಿಯಾ ಕೊಲ್ಲುವ ಬೆನ್ಜಾಯ್ಲ್ ಪೆರಾಕ್ಸೈಡ್ 2.5%, ಇದು ಬಟ್ಟೆಯ ಬಣ್ಣ ತೆಗೀತದೆ, ನನ್ನ ನೀಲಿ ಬೈರಾಸು ಹಾಗೇ ಹೋಯ್ತು. ಮೇಲೆ ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಮುಖ ತೊಳೆಯುವುದು ಎರಡೇ ಸಲ. ಗರ್ಭಿಣಿಯರು, ಮಗು ಬೇಕು ಅಂತಿರುವವರು ಅಡಾಪಲೀನ್ ಹಾಕ್ಬಾರ್ದು, ಇದನ್ನ ಡಾಕ್ಟ್ರು ಎರಡು ಸಲ ಹೇಳಿದ್ರು.

ಮೊದಲ ಮೂರು ವಾರ ಚರ್ಮ ಸುಲಿದು ಗುಳ್ಳೆ ಜಾಸ್ತಿಯೇ ಆಯ್ತು. ಸುಮಾರು ಜನ ಇಲ್ಲೇ ಬಿಟ್ಟುಬಿಡುವುದು, ದಯವಿಟ್ಟು ಬಿಡ್ಬೇಡಿ, 12 ವಾರ ಬೇಕು. ನಂಗೆ ಎರಡನೇ ತಿಂಗಳು ಮುಗಿಯುವಾಗ ಹಣೆ ಮುಟ್ಟಿದ್ರೆ ನುಣ್ಣಗೆ ತಾಗಿತು. ಕಂದು ಕಲೆ ಹೋಗ್ಲಿಕ್ಕೆ ಮಾತ್ರ ಒಂದು ವರ್ಷ ಹಿಡಿಯಿತು, ಚಿವುಟಿದ ಎರಡು ಜಾಗದಲ್ಲಿ ಗುಂಡಿ ಇನ್ನೂ ಉಂಟು.

ಎಣ್ಣೆ ಬಿಟ್ಟದ್ದು ಅಜ್ಜಿಗೆ ಬೇಜಾರು. ಈಗ ಆದಿತ್ಯವಾರ ಮಾತ್ರ, ಮೀಯುವ ಒಂದು ಗಂಟೆ ಮೊದ್ಲು, ಅಜ್ಜಿಯೇ ಹಚ್ಚುವುದು, ಹಣೆಗೆ ತಾಗದ ಹಾಗೆ ಕೂದಲು ಮೇಲೆತ್ತಿ ಕಟ್ತಾರೆ. ಶ್ಯಾಂಪೂ ಹಾಕಿ ಕೂದಲು ತೊಳೆದು ಕೊನೆಗೆ ಮುಖ ತೊಳೀತೇನೆ, ತಲೆದಿಂಬಿನ ಬಟ್ಟೆ ವಾರಕ್ಕೆರಡು ಸಲ ಬದಲಾಯಿಸ್ತೇನೆ.

ಒಂಬತ್ತನೇ ಕ್ಲಾಸಿನ ಚಿಕ್ಕಮ್ಮನ ಮಗಳು ಈಗ ಯಾವ ಟ್ಯೂಬ್ ಸಿಕ್ಕಿದ್ರೂ ಫೋಟೋ ತೆಗೆದು ನಂಗೆ ಕಳಿಸ್ತಾಳೆ. ಬೀಟಾಮೆಥಾಸೋನ್, ಕ್ಲೊಬೆಟಸಾಲ್, ಮೊಮೆಟಾಸೋನ್, ಈ ಮೂರೂ ಸ್ಟೀರಾಯ್ಡ್, ಇದ್ರಲ್ಲಿ ಒಂದು ಹೆಸರು ಕಂಡ್ರೂ ಹಾಕ್ಬೇಡ, ಡಾಕ್ಟ್ರಿಗೆ ತೋರ್ಸುವ ಅಂತೇನೆ.