ಎಕ್ಸ್‌ಪೋಷರ್ ನನಗೆ ಅರ್ಥವಾಗಿದ್ದು ಸ್ಟಾಪ್ ಲೆಕ್ಕದಿಂದ

ಫೋಟೋ ಎಷ್ಟು ಬೆಳಕಾಗಿ ಬರಬೇಕು (ಎಕ್ಸ್‌ಪೋಷರ್) ಅನ್ನೋದನ್ನು ತೀರ್ಮಾನಿಸುವುದು ಮೂರು: ಅಪರ್ಚರ್ ಅಂದರೆ ಲೆನ್ಸ್‌ನ ಕಿಂಡಿ, ಶಟರ್ ಸ್ಪೀಡ್ ಅಂದರೆ ಬೆಳಕು ಒಳಗೆ ಬರುವ ಸಮಯ, ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋದು. ಈ ಮೂರರ ಅರ್ಥ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಕ್ಯಾಮೆರಾ ಕೈಗೆ ಬಂದಾಗ ಯಾವುದನ್ನು ಎಷ್ಟು ತಿರುಗಿಸಬೇಕು ಅನ್ನೋದು ಆ ಅರ್ಥದಿಂದ ಬರುವುದಿಲ್ಲ. ನನಗೆ ಅದು ಬಂದಿದ್ದು ಸ್ಟಾಪ್ ಲೆಕ್ಕದಿಂದ.

ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟಾಗುವುದು, ಇಲ್ಲವೇ ಅರ್ಧಕ್ಕೆ ಇಳಿಯುವುದು. ಅಷ್ಟೇ. ಶಟರ್ 1/60 ಸೆಕೆಂಡಿನಿಂದ 1/125 ಸೆಕೆಂಡಿಗೆ ಹೋದರೆ ಒಂದು ಸ್ಟಾಪ್ ಕಡಿಮೆ. ಐಎಸ್‌ಒ 100ರಿಂದ 200 ಆದರೆ ಒಂದು ಸ್ಟಾಪ್ ಜಾಸ್ತಿ. ಅಪರ್ಚರ್ ಅಂಕಿಗಳು ಮಾತ್ರ ವಿಚಿತ್ರವಾಗಿ ಕಾಣುತ್ತವೆ: 2, 2.8, 4, 5.6, 8, 11, 16. ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು, ಯಾಕಂದರೆ ಆ ಅಂಕಿ ಒಂದು ಭಾಗಾಕಾರ. ಫೋಕಲ್ ಲೆಂತ್ (ಲೆನ್ಸ್ ಮೇಲೆ ಬರೆದಿರುವ ಎಂಎಂ ಅಂಕಿ) 50 ಇರುವ ಲೆನ್ಸ್‌ನಲ್ಲಿ ಅಪರ್ಚರ್ 2, ಅಂದರೆ ಎಫ್/2 ಇಟ್ಟರೆ 50ನ್ನು 2ರಿಂದ ಭಾಗಿಸಿ, 25 ಮಿಲಿಮೀಟರ್ ಅಗಲದ ಕಿಂಡಿ. ಎಫ್/4 ಅಂದರೆ 12.5. ಅಗಲ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯುತ್ತದೆ, ಅಂದರೆ ಎರಡು ಸ್ಟಾಪ್. ಇದನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿದ ಮೇಲೆ ಆ ಅಂಕಿಗಳನ್ನು ಉರು ಹೊಡೆಯುವ ಅಗತ್ಯ ನನಗೆ ಬರಲಿಲ್ಲ.

ಅಭ್ಯಾಸಕ್ಕೆ ನಾನು ಆರಿಸಿಕೊಂಡಿದ್ದು ಕಿಟಕಿ ಪಕ್ಕದ ನಲ್ಲಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಅಲುಗಾಡದಂತೆ ಇಟ್ಟು, ಮ್ಯಾನ್ಯುಯಲ್ ಮೋಡ್‌ಗೆ ಹಾಕಿ, ಅಪರ್ಚರ್ ಎಫ್/4ರಲ್ಲೇ ಬಿಟ್ಟೆ. ಮೊದಲ ಫೋಟೋ 1/15, ಐಎಸ್‌ಒ 100. ನೀರು ರೇಷ್ಮೆ ಎಳೆ ಹಾಗೆ ನುಣುಪಾಗಿ ಬಂತು. ಆಮೇಲೆ ಶಟರನ್ನು ಒಂದೊಂದೇ ಸ್ಟಾಪ್ ಏರಿಸುತ್ತಾ, ಅಷ್ಟೇ ಸ್ಟಾಪ್ ಐಎಸ್‌ಒ ಕೂಡ ಏರಿಸುತ್ತಾ 1/1000, ಐಎಸ್‌ಒ 6400ಕ್ಕೆ ಬಂದೆ. ಆರು ಸ್ಟಾಪ್ ಇತ್ತ ಕಳೆದು ಅತ್ತ ಕೂಡಿದ್ದರಿಂದ ಎರಡೂ ಫೋಟೋಗಳ ಬೆಳಕು ಒಂದೇ. ಆದರೆ ಈಗ ಹನಿಗಳು ಬಿಡಿಬಿಡಿಯಾಗಿ ಗಾಳಿಯಲ್ಲಿ ನಿಂತಿದ್ದವು, ಒಂದೊಂದು ಹನಿಯ ಅಂಚೂ ಕಾಣುತ್ತಿತ್ತು. ನಲ್ಲಿಯ ಕೆಳಗಿನ ನೆರಳಲ್ಲಿ ಮಾತ್ರ ಮರಳು ಚೆಲ್ಲಿದಂತೆ ನಾಯ್ಸ್. ಬೆಳಕು ಸರಿಯಾಗಿರೋದು ಒಂದು, ಫೋಟೋ ಹೇಗಿರಬೇಕು ಅನ್ನೋದು ಇನ್ನೊಂದು ಅಲ್ವಾ? ಮೊದಲನೆಯದನ್ನು ಲೆಕ್ಕ ನೋಡಿಕೊಳ್ಳುತ್ತದೆ, ಎರಡನೆಯದನ್ನು ನಾವೇ ತೀರ್ಮಾನಿಸಬೇಕು.

ಇನ್ನು ಮೀಟರ್, ಅಂದರೆ ಬೆಳಕು ಅಳೆದು ತೋರಿಸುವ ಕ್ಯಾಮೆರಾದ ಮಾಪಕ. ಸೂಜಿ ಸೊನ್ನೆಗೆ ಬಂದರೆ ಎಕ್ಸ್‌ಪೋಷರ್ ಸರಿ ಅಂತ ತುಂಬಾ ಜನ ನಂಬುತ್ತಾರೆ. ಮೀಟರ್‌ಗೆ ಎದುರಿಗಿರುವುದು ಬಿಳಿ ಬಟ್ಟೆಯೋ ಕಪ್ಪು ಬಟ್ಟೆಯೋ ಗೊತ್ತಾಗುವುದಿಲ್ಲ, ಅದು ಎಲ್ಲವನ್ನೂ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಸಂಶಯವಿದ್ದರೆ ಬಿಳಿ ಹಾಸಿಗೆ ಬಟ್ಟೆಯನ್ನು ಫ್ರೇಮ್ ತುಂಬಾ ಇಟ್ಟು ಆಟೋದಲ್ಲಿ ತೆಗೆದು ನೋಡಿ, ಮಾಸಲಾಗಿ ಬರುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರ್ ಲೆಕ್ಕವನ್ನು ಸ್ಟಾಪ್‌ಗಳಲ್ಲಿ ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಪ್ಲಸ್ 1 ಅಥವಾ ಪ್ಲಸ್ 1.5 ಮಾಡಿದರೆ ಬಟ್ಟೆ ಮತ್ತೆ ಬಿಳಿ. ಕಪ್ಪು ಬಟ್ಟೆಗೆ ಇದರ ಉಲ್ಟಾ, ಮೈನಸ್ ಕಡೆಗೆ. ಕಲಿಯುವವರಿಗೆ ನಾನು ಮೊದಲು ಹೇಳುವುದೇ ಈ ಬಟ್ಟೆ ಪ್ರಯೋಗ.

ಕ್ಯಾಮೆರಾ ಸ್ಕ್ರೀನ್ ನೋಡಿ ಬೆಳಕು ಅಳೆಯಬೇಡಿ. ಕತ್ತಲಲ್ಲಿ ಎಲ್ಲವೂ ಹೊಳೆಯುತ್ತದೆ, ಬಿಸಿಲಲ್ಲಿ ಎಲ್ಲವೂ ಮಂಕು. ಹಿಸ್ಟೋಗ್ರಾಮ್ ನೋಡಿ, ಅಂದರೆ ಫೋಟೋದಲ್ಲಿ ಕಪ್ಪು ಎಷ್ಟು (ಎಡಗಡೆ), ಬಿಳಿ ಎಷ್ಟು (ಬಲಗಡೆ) ಅಂತ ತೋರಿಸುವ ನಕ್ಷೆ. ಬಲಗಡೆ ಗೋಡೆಗೆ ಅಂಟಿಕೊಂಡಿದ್ದರೆ ಅಲ್ಲಿ ಬಿಳಿ ಸುಟ್ಟುಹೋಗಿರಬಹುದು, ಪೂರ್ತಿ ಸುಟ್ಟುಹೋದ ವಿವರ ರಾ ಫೈಲ್‌ನಲ್ಲೂ (ಸೆನ್ಸರ್ ಹಿಡಿದದ್ದನ್ನೆಲ್ಲ ಸಂಸ್ಕರಿಸದೆ ಉಳಿಸುವ ಫೈಲ್) ವಾಪಸ್ ಬರುವುದಿಲ್ಲ. ನೆರಳನ್ನಾದರೆ ಸ್ವಲ್ಪ ಎತ್ತಬಹುದು.

ಹೊರಗೆ ಹೋದಾಗ ಮೀಟರ್ ನೋಡುವ ಮೊದಲು ನಾನೇ ಊಹಿಸುತ್ತಿದ್ದೆ. ಅದಕ್ಕೆ ಫಿಲ್ಮ್ ಕಾಲದ ಒಂದು ನಿಯಮ ಈಗಲೂ ಚೆನ್ನಾಗಿ ನಡೆಯುತ್ತದೆ: ಪೂರ್ತಿ ಬಿಸಿಲಿದ್ದರೆ ಎಫ್/16, ಶಟರ್ ಸ್ಪೀಡ್ ಐಎಸ್‌ಒಗೆ ಹತ್ತಿರದ ಅಂಕಿ. ಐಎಸ್‌ಒ 100 ಆದರೆ 1/125. ಹಿನ್ನೆಲೆ ಮಸುಕಾಗಲಿ ಅಂತ ಎಫ್/4ಕ್ಕೆ ಬಂದರೆ ನಾಲ್ಕು ಸ್ಟಾಪ್ ಜಾಸ್ತಿ ಬೆಳಕು, ಹಾಗಾಗಿ ಶಟರ್ 1/2000. ಊಹಿಸಿ, ಆಮೇಲೆ ಮೀಟರ್ ಜೊತೆ ಹೋಲಿಸಿ ನೋಡುವ ಈ ಆಟ ನಿಜಕ್ಕೂ ಖುಷಿ ಕೊಡುತ್ತದೆ, ಕಣ್ಣು ಬಹಳ ಬೇಗ ಪಳಗುತ್ತದೆ.

ಕೈಯಲ್ಲೇ ಹಿಡಿದು ತೆಗೆಯುವಾಗ, ಕೈ ಅಲುಗಿ ಫೋಟೋ ಮಸುಕಾಗದಿರಲಿ ಅಂತ, ಶಟರ್ ಸ್ಪೀಡ್ ಲೆನ್ಸ್‌ನ ಫೋಕಲ್ ಲೆಂತ್‌ಗಿಂತ ಕೆಳಗೆ ಹೋಗದಂತೆ ನೋಡಿಕೊಳ್ಳುತ್ತೇನೆ. 50 ಎಂಎಂಗೆ 1/50, 200 ಎಂಎಂಗೆ 1/200. ಚಿಕ್ಕ ಸೆನ್ಸರ್ ಇದ್ದರೆ ಇನ್ನೂ ಸ್ವಲ್ಪ ಮೇಲೆ.

ಈಗ ಮಕ್ಕಳೋ ಹಕ್ಕಿಯೋ ಎದುರಿಗಿದ್ದರೆ ಶಟರ್ ಸ್ಪೀಡ್ ಮೊದಲು ಗೊತ್ತು ಮಾಡಿಕೊಳ್ಳುತ್ತೇನೆ, ಮುಖ ಅಥವಾ ಹೂವಾದರೆ ಅಪರ್ಚರ್. ಬೆಳಕು ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದರೆ ಮ್ಯಾನ್ಯುಯಲ್‌ನಲ್ಲಿ ಆ ಎರಡನ್ನೂ ಕಟ್ಟಿಹಾಕಿ ಐಎಸ್‌ಒ ಮಾತ್ರ ಆಟೋಗೆ ಬಿಡುತ್ತೇನೆ. ಮೇಲಿನ ಮಿತಿ 3200 ಅಂತ ಮೆನುವಿನಲ್ಲಿ ಮೊದಲೇ ಹಾಕಿಟ್ಟಿರುತ್ತೇನೆ.