ನಿದ್ದೆಗೇಡಿ ನೊಣ ಕೊನೆಗೂ ಸಿಕ್ಕಿತು

ನಮ್ಮ ಶೇಕರ್ ನೊಣಗಳು, ಅಂದರೆ ಶೇಕರ್ ಎಂಬ ಜೀನ್ ಕೆಟ್ಟ ಹಣ್ಣಿನ ನೊಣಗಳು, ಹಾಯಾಗಿ ಮಲಗುತ್ತಿದ್ದವು. ತಲೆನೋವೇ ಅದು. ಈ ಜೀನ್ ಕೆಟ್ಟರೆ ನೊಣ ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ಮಲಗುತ್ತದೆ ಎಂದು 2005ರಲ್ಲೇ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಒಂದು ಪೇಪರಿನಲ್ಲಿ ತೋರಿಸಿದ್ದಾರೆ. ನನ್ನವು ಹತ್ತು ಗಂಟೆ ದಾಟುತ್ತಿದ್ದವು. "ಆ ಆಟಿಕೆ ಕ್ಯಾಮೆರಾ ನಂಬ್ತೀರಾ?" ಎಂದು ಲ್ಯಾಬಿನಲ್ಲಿ ಎಲ್ಲರೂ ನಕ್ಕರು.

ಆಟಿಕೆ ಅಂದರೆ, ಕತ್ತಲಲ್ಲೂ ಕಾಣಲಿ ಎಂದು ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಕಿತ್ತ ಹಳೇ ವೆಬ್‌ಕ್ಯಾಮ್, ಬೆಂಗಳೂರಿನ ಎಸ್.ಪಿ. ರೋಡಿನ ಇನ್‌ಫ್ರಾರೆಡ್ ಎಲ್‌ಇಡಿ, ನೊಣ ಬಿಡಲು ಗಾಜಿನ ಕೊಳವೆಗಳು. ಎಲ್ಲ ಸೇರಿ ಆರೇಳು ಸಾವಿರ. ನೊಣದ ಓಡಾಟ ಅಳೆಯುವ ರೆಡಿಮೇಡ್ ಮಾನಿಟರ್ ತರಿಸುವಷ್ಟು ದುಡ್ಡು ಎಲ್ಲಿತ್ತು? ಐದು ನಿಮಿಷ ಅಲ್ಲಾಡದಿದ್ದರೆ ನಿದ್ದೆ, ಅಷ್ಟೇ ಲೆಕ್ಕ. ನೊಣ ಕೂತಲ್ಲೇ ಕಾಲು ಉಜ್ಜಿಕೊಳ್ಳುವುದನ್ನು ಎಚ್ಚರ ಅಂತ ಹೇಗೆ ಹಿಡಿದೆ ಎನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಮೊದಲ ಸಲ ಮಾಮೂಲಿ ರವೆ-ಬೆಲ್ಲದ ಆಹಾರವನ್ನೇ ಕೊಳವೆಗೆ ತುಂಬಿದೆ. ನೀರು ಬಿಟ್ಟು ಅರ್ಧ ನೊಣ ಅಂಟಿಕೊಂಡು ಸತ್ತವು. ಸಕ್ಕರೆ ಬೆರೆಸಿದ ಅಗಾರ್‌ಗೆ (ಪಾಚಿಯಿಂದ ತೆಗೆದ ಜೆಲ್ಲಿ) ಬದಲಾಯಿಸಿದೆ, ಕೊಳವೆಯ ತುದಿಗೆ ಮೇಣ. ಎರಡನೇ ಸಲ ಕರೆಂಟ್ ಕೈಕೊಟ್ಟಿತು. ಹಗಲು ಹೊತ್ತಲ್ಲೇ ಲೈಟ್ ಆರಿ ಒಂದು ವಾರದ ಡೇಟಾ ಕಸಕ್ಕೆ. ಯುಪಿಎಸ್‌ಗೆ ಇನ್ನೂ ಮೂರೂವರೆ ಸಾವಿರ.

ಆಮೇಲೆ ವಿಸ್ಕಾನ್ಸಿನ್‌ನವರ ಅದೇ ಪೇಪರ್ ಮತ್ತೆ ಓದಿದೆ. ಹಳೇ ಶೇಕರ್ ಸ್ಟಾಕ್‌ಗಳಲ್ಲಿ (ಲ್ಯಾಬಿನಲ್ಲಿ ತಲೆಮಾರುಗಟ್ಟಲೆ ಸಾಕಿಕೊಂಡು ಬಂದ ನೊಣಗಳಲ್ಲಿ) ಬೇರೆ ಜೀನ್‌ಗಳ ಬದಲಾವಣೆಗಳು ಸೇರಿಕೊಂಡು ನಿದ್ದೆಯನ್ನು ಸರಿಮಾಡಿಬಿಡುತ್ತವೆ ಎಂದು ಅದರಲ್ಲೇ ಇತ್ತು. ಕೆಟ್ಟಿದ್ದು ಕ್ಯಾಮೆರಾ ಅಲ್ಲ, ಸ್ಟಾಕ್! ಆ ಬೇರೆ ಜೀನ್‌ಗಳನ್ನು ತೊಳೆದು ಹಾಕಲು ವೈಲ್ಡ್ ಟೈಪ್, ಅಂದರೆ ಜೀನ್ ಕೆಡದ ಮಾಮೂಲಿ ನೊಣಗಳ ಜೊತೆ ಆರು ತಲೆಮಾರು ಕ್ರಾಸ್ ಮಾಡಿದೆ. ಶೇಕರ್ ಜೀನ್ ಇರುವುದು ಎಕ್ಸ್ ಕ್ರೋಮೋಸೋಮ್ ಮೇಲೆ; ಗಂಡಿಗೆ ಎಕ್ಸ್ ಒಂದೇ, ಅದು ಬರುವುದು ತಾಯಿಯಿಂದ. ಹಾಗಾಗಿ ಎರಡು ತಲೆಮಾರಿಗೊಮ್ಮೆ ಮತ್ತು ಬರಿಸುವ ಈಥರ್ ಕೊಟ್ಟು, ಕಾಲು ನಡುಗಿಸುವ ಗಂಡುಗಳನ್ನು ಆರಿಸಿದರೆ ಸಾಕು; ಜೀನ್ ಕೆಟ್ಟ ನೊಣ ಈಥರ್‌ನಲ್ಲಿ ಕಾಲು ನಡುಗಿಸುತ್ತದೆ. ಒಂದು ಭಾನುವಾರ ಮದುವೆಗೆ ಹೋಗಿ ಕ್ರಾಸ್‌ಗೆ ಬೇಕಾದ ವರ್ಜಿನ್ ಹೆಣ್ಣುಗಳು (ಇನ್ನೂ ಗಂಡಿನ ಜೊತೆ ಕೂಡದವು) ಕೈತಪ್ಪಿದವು. ಎರಡು ತಿಂಗಳ ಕೆಲಸ ಮೂರೂವರೆ ತಿಂಗಳಾಯಿತು.

ನಡುವೆ ಸುಮ್ನೆ ಇರಲಾಗದೆ ಆಹಾರಕ್ಕೆ ಫಿಲ್ಟರ್ ಕಾಫಿ ಡಿಕಾಕ್ಷನ್ ಬೆರೆಸಿ ನೋಡಿದೆ. ನಿದ್ದೆ ಕಮ್ಮಿಯಾಯಿತು. ಕಹಿಗೆ ತಿನ್ನುವುದನ್ನೇ ಬಿಟ್ಟಿದ್ದವೋ ಏನೋ. ಹಸಿದ ನೊಣವೂ ಮಲಗುವುದಿಲ್ಲ ಅಲ್ವಾ? ಅದನ್ನು ಅಲ್ಲಿಗೇ ಬಿಟ್ಟೆ.

ಕೊನೆಯ ತಲೆಮಾರಿನ ಮೂವತ್ತು ಚಿಲ್ಲರೆ ಗಂಡುಗಳನ್ನು ಕೊಳವೆಗೆ ಹಾಕಿದೆ. ಕಾಲು ನಡುಗಿಸುವವು ಸುಮಾರು ಐದು ಗಂಟೆ ಮಲಗಿದವು. ನಡುಗಿಸದ ಅಣ್ಣತಮ್ಮಂದಿರು ಹತ್ತೂವರೆ. ಅದೇ ಕ್ಯಾಮೆರಾ, ಅದೇ ಕಪಾಟು.

ಅವತ್ತು ನಕ್ಕವರಲ್ಲಿ ಒಬ್ಬರು ಹೋದ ವಾರ ತಮ್ಮ ನೊಣಗಳನ್ನು ತಂದಿಟ್ಟು ಹೋಗಿದ್ದಾರೆ. ಮೇಣದ ಖರ್ಚು ಅವರದ್ದೇ.