15 ವಾಟ್ ಆಂಪ್ ನನ್ನ ಬ್ಯಾಟರಿ ತಿಂದದ್ದು ಹೇಗೆ

ಬಯಲಲ್ಲಿ ಗಿಟಾರ್ ನುಡಿಸಲು ಹೊರಟಾಗ ನಾನು ಹಾಕಿದ ಲೆಕ್ಕ ತುಂಬಾ ಸಲೀಸು. ನನ್ನ ಟ್ಯೂಬ್ ಆಂಪ್, ಅಂದರೆ ಗಾಜಿನ ಟ್ಯೂಬ್‌ಗಳಿಂದ ಗಿಟಾರ್ ಸದ್ದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್, 15 ವಾಟ್‌ನದು. ಬ್ಯಾಟರಿ 12 ವೋಲ್ಟ್, 7 ಆಂಪಿಯರ್ ಅವರ್, ಅಂದರೆ 84 ವಾಟ್ ಅವರ್. ಭಾಗಿಸಿದರೆ ಐದೂವರೆ ಗಂಟೆ. ನಮಗೆ ಬೇಕಿದ್ದದ್ದು ಒಂದೂವರೆ ಗಂಟೆ. ಸಾಕೋ ಸಾಕು ಅಂದುಕೊಂಡೆ.

ಐದನೇ ಹಾಡಿನ ನಡುವೆ ಇನ್ವರ್ಟರ್ ಕೀಂ ಕೀಂ ಎಂದು ಕೂಗಲು ಶುರುಮಾಡಿತು. ಸ್ವಲ್ಪ ಹೊತ್ತಿಗೆ ಆಫ್ ಆಯಿತು. ಟ್ಯೂಬ್ ಆಂಪ್ ಟಕ್ಕನೆ ಸುಮ್ಮನಾಗುವುದಿಲ್ಲ. ಕೆಪಾಸಿಟರ್‌ಗಳಲ್ಲಿ ಉಳಿದಿದ್ದ ಚೂರುಪಾರು ಕರೆಂಟಿನಲ್ಲಿ ನನ್ನ ಸ್ವರ ಎರಡು ಸೆಕೆಂಡು ಗೊರಗೊರ ಎಳೆದು, ಸಣ್ಣಗಾಗಿ, ನಿಂತಿತು. ಡ್ರಮ್ಮರ್ ಗಮನಿಸದೆ ಬಾರಿಸುತ್ತಲೇ ಇದ್ದ.

ಮನೆಗೆ ಬಂದವನೇ ಪ್ಲಗ್‌ಗೆ ಸಿಕ್ಕಿಸುವ ವಾಟ್ ಮೀಟರ್ ಹಾಕಿ ನೋಡಿದೆ. ಸುಮ್ನೆ ಆನ್ ಮಾಡಿಟ್ಟರೆ 68 ವಾಟ್. ಜೋರಾಗಿ ಬಾರಿಸಿದರೆ 75. ಆಂಪ್ ಮೇಲೆ ಬರೆದಿರುವ 15 ಅನ್ನೋದು ಸ್ಪೀಕರ್‌ಗೆ ಹೋಗುವ ವಾಟ್, ಪ್ಲಗ್‌ನಿಂದ ಎಳೆಯುವುದಲ್ಲ. ಇದು ಗೊತ್ತಿಲ್ಲದೆ ಎಷ್ಟು ವರ್ಷ ನುಡಿಸಿದ್ದೆನೋ! ಟ್ಯೂಬ್‌ಗಳ ಹೀಟರ್ ಒಂದನ್ನೇ ತೆಗೆದುಕೊಳ್ಳಿ. ನನ್ನ ಆಂಪ್‌ನಲ್ಲಿ ಎರಡು ಇಎಲ್84, ಮೂರು 12ಎಎಕ್ಸ್7 ಎಂಬ ಟ್ಯೂಬ್‌ಗಳಿವೆ. 6.3 ವೋಲ್ಟ್‌ನಲ್ಲಿ ಮೊದಲನೆಯದು ತಲಾ 0.76 ಆಂಪಿಯರ್ ಎಳೆಯುತ್ತದೆ, ಎರಡನೆಯದು ತಲಾ 0.3. ಕೂಡಿಸಿದರೆ 15 ವಾಟ್ ಚಿಲ್ಲರೆ. ತಂತಿ ಮುಟ್ಟುವ ಮೊದಲೇ ಇಷ್ಟು ಬರೀ ಬಿಸಿಯಾಗುವುದಕ್ಕೆ ಹೋಯಿತು.

ಬ್ಯಾಟರಿಯದ್ದೂ ಒಂದು ಗುಟ್ಟಿದೆ. ಸೀಸದ ಬ್ಯಾಟರಿಯ ಮೇಲಿನ 7 ಆಂಪಿಯರ್ ಅವರ್ ಅನ್ನೋದು 20 ಗಂಟೆ ನಿಧಾನಕ್ಕೆ ಖಾಲಿ ಮಾಡಿದರೆ ಸಿಗುವ ಅಂಕಿ. ಇನ್ವರ್ಟರ್‌ನಲ್ಲಿ ಹಾಳಾಗುವುದೂ ಸೇರಿ ನಾನು ಅದರಿಂದ ಏಳು ಆಂಪಿಯರ್ ಎಳೆಯುತ್ತಿದ್ದೆ. ಹಾಗೆ ಎಳೆದರೆ ಹೊಸ ಬ್ಯಾಟರಿಯೂ ಅರ್ಧ ಗಂಟೆಯ ಆಸುಪಾಸಿನಲ್ಲೇ ಕೈ ಚೆಲ್ಲುತ್ತದೆ. ಹೀಗೆ ಪೂರ್ತಿ ಖಾಲಿ ಮಾಡುತ್ತಾ ಹೋದರೆ ಬ್ಯಾಟರಿಯ ಆಯಸ್ಸೂ ಬೇಗ ಮುಗಿಯುತ್ತದೆ.

ಈಗ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇಟ್ಟುಕೊಂಡಿದ್ದೇನೆ. 12.8 ವೋಲ್ಟ್, 20 ಆಂಪಿಯರ್ ಅವರ್, 256 ವಾಟ್ ಅವರ್. ತಳದಲ್ಲಿ ಸ್ವಲ್ಪ ಉಳಿಸಿ, ಇನ್ವರ್ಟರ್ ತಿನ್ನುವುದನ್ನು ಕಳೆದರೆ ಆಂಪ್‌ಗೆ 190ರಷ್ಟು ಸಿಗುತ್ತದೆ. ಎರಡೂವರೆ ಗಂಟೆ ಆರಾಮ. ಅಷ್ಟೇ ಹೊತ್ತು ಬರುವ ಸೀಸದ ಬ್ಯಾಟರಿ ಹೊತ್ತು ತರಬೇಕಿದ್ದರೆ ನನ್ನ ಬೆನ್ನು ನನ್ನ ಜತೆ ಮಾತು ಬಿಡುತ್ತಿತ್ತು.

ಹೊಸ ಬ್ಯಾಟರಿ ಬಂದರೂ ಹಳೇ ಇನ್ವರ್ಟರ್ ಕಾಟ ತಪ್ಪಲಿಲ್ಲ. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಆಂಪ್ ಒಳಗಿಂದ ಗುಂಯ್ ಅನ್ನುತ್ತಿತ್ತು. ಅಗ್ಗದ ಇನ್ವರ್ಟರ್ ಕೊಡುವ ಕರೆಂಟು ಅಲೆಯ ಹಾಗೆ ಏರಿಳಿಯುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಹಾರುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಅದು ಒಗ್ಗುವುದಿಲ್ಲ, ಜಾಸ್ತಿ ಬಿಸಿಯೂ ಆಗುತ್ತದೆ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಹಾಕಿದ ದಿನವೇ ಗುಂಯ್ ಹೋಯಿತು. ಒಂದು ವಿಷಯ: ಆಂಪ್ ಆನ್ ಮಾಡಿದ ಕ್ಷಣ ಒಂದು ದೊಡ್ಡ ಗುಟುಕು ಕರೆಂಟು ಎಳೆಯುತ್ತದೆ. ಅದಕ್ಕೆ 150 ವಾಟ್ ಇನ್ವರ್ಟರ್ ಕೆಲವೊಮ್ಮೆ ಟ್ರಿಪ್ ಆಗುತ್ತಿತ್ತು. 300ರದ್ದು ಇಟ್ಟ ಮೇಲೆ ಆ ತಲೆನೋವಿಲ್ಲ.

ಆಮೇಲೆ ನಾನು ಮಾಡಿದ ಪೆದ್ದುತನ ವೈರಿನದ್ದು. ಬ್ಯಾಟರಿಯನ್ನು ವೇದಿಕೆ ಹಿಂದೆ ಇಟ್ಟು, ಎರಡು ಮೀಟರ್ ದೂರದ ಇನ್ವರ್ಟರ್‌ಗೆ ಒಂದೂವರೆ ಚದರ ಮಿಲಿಮೀಟರಿನ ತೆಳು ವೈರ್ ಎಳೆದಿದ್ದೆ. ಆಂಪ್ ಜತೆ ಮೈಕ್‌ನ ಸಣ್ಣ ಮಿಕ್ಸರ್, ಸ್ಪೀಕರ್ ಎಲ್ಲ ಸೇರಿ 15 ಆಂಪಿಯರ್. ಹೋಗಿ ಬರುವ ವೈರ್ ನಾಲ್ಕು ಮೀಟರ್, ಅದರಲ್ಲೇ ಮುಕ್ಕಾಲು ವೋಲ್ಟ್ ಹತ್ತಿರ ಮಾಯ. ಬ್ಯಾಟರಿಯಲ್ಲಿ ಇನ್ನೂ ದಮ್ ಇದ್ದಾಗಲೇ ಇನ್ವರ್ಟರ್ ಖಾಲಿಯಾಯಿತೆಂದು ಕೂಗಿಕೊಂಡಿತು. ವೈರ್ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಈಗ ಬ್ಯಾಟರಿ, ಇನ್ವರ್ಟರ್ ಎರಡೂ ಪಕ್ಕಪಕ್ಕ, ನಡುವೆ ಅರ್ಧ ಮೀಟರಿನ ದಪ್ಪ ವೈರ್. ಉದ್ದ ಬೇಕಿದ್ದರೆ ಆಂಪ್ ಕಡೆಯ ಎಕ್ಸ್‌ಟೆನ್ಷನ್ ಎಳೆಯುತ್ತೇನೆ. ಬ್ಯಾಟರಿಯ ಪ್ಲಸ್ ಟರ್ಮಿನಲ್ ಹತ್ತಿರವೇ ಒಂದು ಫ್ಯೂಸ್ ಇದೆ. ಅದಿಲ್ಲದೆ ವೈರ್ ಶಾರ್ಟ್ ಆದರೆ ಹೊಗೆ ಕಾಣಿಸಿದ ಮೇಲೆಯೇ ಗೊತ್ತಾಗುವುದು.

ಒಮ್ಮೆ ಗಿಟಾರ್ ಬ್ಯಾಟರಿಯಲ್ಲಿ, ಮೈಕ್ ಜನರೇಟರ್‌ನಲ್ಲಿ ಇತ್ತು. ಗಿಟಾರ್ ತಂತಿ ಹಿಡಿದುಕೊಂಡೇ ಮೈಕ್‌ಗೆ ತುಟಿ ತಾಗಿಸಿದೆ, ಚುರ್ ಅಂತು. ಅವತ್ತಿನಿಂದ ಎಲ್ಲದಕ್ಕೂ ಒಂದೇ ಕಡೆಯಿಂದ ಕರೆಂಟು, ಅರ್ಥ್ ಪಿನ್ ಇರುವ ಪ್ಲಗ್‌ಗಳಲ್ಲೇ.

ಗಿಟಾರ್ ಸದ್ದಿನ ಬಣ್ಣ ಬದಲಿಸಲು ಕಾಲಲ್ಲಿ ಒತ್ತುವ ಪೆಡಲ್‌ಗಳಿಗೆ ಪವರ್ ಬ್ಯಾಂಕ್ ಹಾಕಿ ನೋಡಿದೆ. ಒಂದೆರಡೇ ಪೆಡಲ್ ಇದ್ದರೆ ಅವು ಎಳೆಯುವ ಕರೆಂಟು ತೀರಾ ಕಮ್ಮಿ. ಏನೂ ಸಿಕ್ಕಿಸಿಲ್ಲ ಅಂದುಕೊಂಡು ಪವರ್ ಬ್ಯಾಂಕ್ ತಾನೇ ಮಲಗಿಬಿಡುತ್ತದೆ. ಬಿಟ್ಟುಬಿಟ್ಟೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಲಾಭ ಕೊಟ್ಟದ್ದು ಬ್ಯಾಟರಿಯೇ ಅಲ್ಲ, ಸ್ಪೀಕರ್. ಬಯಲಲ್ಲಿ ಸದ್ದನ್ನು ವಾಪಸ್ ಕೊಡಲು ಗೋಡೆಗಳಿಲ್ಲ. ದೂರ ಎರಡು ಪಟ್ಟಾದರೆ 6 ಡೆಸಿಬಲ್ ಹೋಯಿತು. ನನ್ನ ಹಳೇ ಸ್ಪೀಕರ್ 1 ವಾಟ್‌ಗೆ 1 ಮೀಟರ್ ದೂರದಲ್ಲಿ 94 ಡೆಸಿಬಲ್ ಕೊಡುತ್ತಿತ್ತು. 100 ಕೊಡುವುದನ್ನು ಕೂರಿಸಿದೆ. ಈ 6 ಡೆಸಿಬಲ್ ಆಂಪ್‌ನಿಂದಲೇ ಬರಬೇಕೆಂದರೆ ನಾಲ್ಕು ಪಟ್ಟು ವಾಟ್ ಬೇಕು. ಬ್ಯಾಟರಿಗೆ ಒಂದು ವಾಟೂ ಹೆಚ್ಚು ಖರ್ಚಾಗದೆ ಅದು ಸಿಕ್ಕಿತು.

ಟ್ಯೂಬ್ ಇಲ್ಲದ, ಕರೆಂಟು ಕಮ್ಮಿ ತಿನ್ನುವ ಕ್ಲಾಸ್ ಡಿ ಆಂಪ್ ತಗೋ, ಸುಮ್ಮನಿದ್ದಾಗ ಹತ್ತು ವಾಟೂ ಎಳೆಯಲ್ಲ ಅಂತ ಗೆಳೆಯರು ಹೇಳುತ್ತಲೇ ಇರುತ್ತಾರೆ. ನಿಜ. ಸಣ್ಣ ಕಾರ್ಯಕ್ರಮಕ್ಕೆ ಅದನ್ನೇ ಒಯ್ಯುತ್ತೇನೆ. ಟ್ಯೂಬ್ ಒಯ್ದ ದಿನ ಸ್ಟ್ಯಾಂಡ್‌ಬೈ ಸ್ವಿಚ್ ನೆನಪಿಟ್ಟುಕೊಳ್ಳುತ್ತೇನೆ. ಅದನ್ನು ಒತ್ತಿದರೆ ಟ್ಯೂಬ್‌ಗಳು ಬಿಸಿಯಾಗಿಯೇ ಇದ್ದು ಸದ್ದು ಮಾತ್ರ ನಿಲ್ಲುತ್ತದೆ, ಮೀಟರ್ 68ರಿಂದ 22ಕ್ಕೆ ಇಳಿಯುತ್ತದೆ. ನಮ್ಮ ಗಾಯಕನಿಗೆ ಹಾಡುಗಳ ನಡುವೆ ಕಥೆ ಹೇಳುವ ಚಟ. ಅವನು ಗಂಟಲು ಸರಿಮಾಡಿಕೊಂಡ ಅಂದರೆ ನನ್ನ ಕೈ ತಾನಾಗಿ ಆ ಸ್ವಿಚ್ ಕಡೆ ಹೋಗುತ್ತದೆ.